ತಾಳೆ ನೋಡದ ಪ್ರತಿ

ಕಡತವೆಂಬ ಮಾತು ಕನ್ನಡದಲ್ಲಿ ಬಹು ಹಳೆಯದು. ಅರಿವೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಆ ಕರಿಯ ಮೈಯ ಮೇಲೆ ಬಳಪದಿಂದ ಬರೆದು ಲೆಕ್ಕವಿಡುತ್ತಿದ್ದ ಕಾಲವೊಂದಿತ್ತು. ಅಂಗಡಿಯವರೂ ಮಠಗಳವರೂ ಊರಿನ ಶಾನುಭೋಗರೂ ತಮ್ಮ ವ್ಯವಹಾರವನ್ನು ಇಂತಹ ಕಡತಗಳಲ್ಲಿಯೇ ನಡಸುತ್ತಿದ್ದರು. ಬರೆದುದನ್ನು ಒರಸಿ ಮತ್ತೆ ಬರೆಯಬಹುದಾಗಿದ್ದುದು ಅದರ ದೊಡ್ಡ ಗುಣ. ದೊಡ್ಡ ದೋಷವೂ ಅದೇ. ಹತ್ತು ವರಹದ ಬಾಕಿ ರಾತ್ರಿ ಬೆಳಗಾಗುವುದರೊಳಗೆ ಮೂರು ವರಹವಾದರೂ ಕಡತದ ಮಡಿಕೆ ಒಂದಾದರೂ ಹೆಚ್ಚುತ್ತಿರಲಿಲ್ಲ, ಒಂದಾದರೂ ಕುಗ್ಗುತ್ತಿರಲಿಲ್ಲ. ಬಿಚ್ಚಿ ಓದದೆ ಹೊರಗಿನಿಂದ ನೋಡುವವನಿಗೆ ನಿನ್ನೆಯ ಕಡತವೂ ಇಂದಿನ ಕಡತವೂ ಒಂದೇ. ಈಗ ಕಂಪ್ಯೂಟರಿನೊಳಗಿನ ಬರವಣಿಗೆಯ ಕಟ್ಟಿಗೂ ಕನ್ನಡಿಗರು ಕಡತವೆಂಬ ಹೆಸರನ್ನೇ ಇಟ್ಟಿದ್ದಾರೆ. ಹೆಸರಿನೊಡನೆ ಆ ಹಳೆಯ ಗುಣದೋಷಗಳೂ ಸಾಗಿಬಂದಿವೆಯೆಂಬುದು ಸಾಗರದ ಸೀಮೆಯ ಒಬ್ಬ ಪಂಡಿತರಿಗೆ ಅವರ ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಒಂದು ರಾತ್ರಿಯ ಸಂಕಟದಿಂದ ತಿಳಿದುಬಂದಿತು.

ಪಂಡಿತರು ಪ್ರೌಢಶಾಲೆಯೊಂದರಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕು ಕನ್ನಡವನ್ನು ಬೋಧಿಸಿ ೨೦೧೩ರಲ್ಲಿ ವಿಶ್ರಾಂತಿ ಪಡೆದವರು. ವಿಶ್ರಾಂತಿಯೆಂಬುದು ಹೆಸರಿಗೆ ಮಾತ್ರ. ಕೆಲಸದಿಂದ ಬಿಡುವಾದ ತಿಂಗಳಿನಲ್ಲಿಯೇ ಅವರು ಅಡಿಕೆಯ ತೋಟದ ಮಾತುಗಳನ್ನು ಕೂಡಿಸಲು ತೊಡಗಿದರು. ಸಿಂಗಾರ, ಸೋಗೆ, ಹಾಳೆ, ಚೊಗರು, ಬೆಟ್ಟೆ, ಗೊರಬಲು ಮುಂತಾದ ಶಬ್ದಗಳೇನೋ ನಿಘಂಟುಗಳಲ್ಲಿ ಅಲ್ಲೊಂದು ಇಲ್ಲೊಂದು ಸಿಕ್ಕಾವು. ಆದರೆ ಆ ಶಬ್ದವನ್ನು ಆಡುವವನ ಕೈ ಏನು ಮಾಡುತ್ತಿರುತ್ತದೆ, ಯಾವ ತಿಂಗಳಲ್ಲಿ ಮಾಡುತ್ತಿರುತ್ತದೆ, ಅದನ್ನು ಕುರಿತು ಮನೆಯ ಹೆಂಗಸರು ಯಾವ ಗಾದೆಯನ್ನು ಕಟ್ಟಿದ್ದಾರೆ ಎಂಬುದು ಯಾವ ನಿಘಂಟಿನಲ್ಲಿಯೂ ಇಲ್ಲವೆಂದು ಅವರ ವಾದ. ಆದುದರಿಂದ ಅವರು ಕೊನೆಗೌಡರ ಮನೆಯ ಜಗಲಿಗಳಲ್ಲಿಯೂ ಅಡಿಕೆ ಸುಲಿಯುವವರ ಚಪ್ಪರಗಳಲ್ಲಿಯೂ ಕುಳಿತು, ಕೇಳಿ, ಬರೆದುಕೊಂಡು, ರಾತ್ರಿ ಅದನ್ನೆಲ್ಲ ಕಂಪ್ಯೂಟರಿಗೆ ಇಳಿಸುತ್ತಿದ್ದರು. ಹನ್ನೊಂದು ವರ್ಷಗಳಲ್ಲಿ ಶಬ್ದಗಳು ನಾಲ್ಕು ಸಾವಿರವನ್ನು ದಾಟಿದುವು. ಹೇಳಿದವರಲ್ಲಿ ಬಹುಮಂದಿ ಎಂಬತ್ತನ್ನು ದಾಟಿದವರು. ವರ್ಷಕ್ಕೆ ಇಬ್ಬರು ಮೂವರಂತೆ ಅವರು ತೀರಿಕೊಳ್ಳುತ್ತಲೂ ಇದ್ದರು. ಹೀಗೆ ತೀರಿಕೊಂಡವರ ಮಾತು ಪಂಡಿತರ ಆ ಒಂದು ಯಂತ್ರದೊಳಗಲ್ಲದೆ ಭೂಮಿಯ ಮೇಲೆ ಬೇರೆಲ್ಲಿಯೂ ಇರಲಿಲ್ಲ.

ಈ ಸಂಗತಿಯನ್ನು ಮೊದಲು ಮನಗಂಡು ಹೆದರಿದವನು ಮೈಸೂರಿನಲ್ಲಿ ಓದುತ್ತಿದ್ದ ಅವರ ಮಗಳ ಮಗ. “ಅಜ್ಜ, ಸಿಡಿಲು ಹೊಡೆದರೆ ಏನು ಮಾಡುತ್ತೀರಿ?” ಎಂದು ಅವನು ಕೇಳಿದನು. ಮಲೆನಾಡಿನಲ್ಲಿ ಇದು ಬರಿಯ ಮಾತಿನ ಪ್ರಶ್ನೆಯಲ್ಲ. ೨೦೨೩ರ ಯುಗಾದಿಗೆ ಬಂದವನು ಎರಡು ಏರ್ಪಾಡುಗಳನ್ನು ಮಾಡಿಕೊಟ್ಟು ಹೋದನು. ಮೊದಲನೆಯದು, ಒಂದು ಬೀಗದ ಪೆಟ್ಟಿಗೆ. ಹೇಳುವವರು ಶಬ್ದದೊಡನೆ ತಮ್ಮ ಮನೆತನದ ಜಗಳ ಪಾಲುಗಳನ್ನೂ ಹೇಳಿಕೊಂಡಿದ್ದರು. ಅದನ್ನು ಪರರಿಗೆ ತೋರಿಸುವುದಿಲ್ಲವೆಂದು ಪಂಡಿತರು ಮಾತು ಕೊಟ್ಟಿದ್ದರು. ಆದುದರಿಂದ ಇಡೀ ಸಂಗ್ರಹವನ್ನು ಗೂಢಲಿಪಿಯ ಒಂದು ದೊಡ್ಡ ಕಡತದೊಳಗೆ ಇರಿಸಿ, ಪಾಸ್‌ವರ್ಡನ್ನು ಕೊಟ್ಟವರಿಗೆ ಮಾತ್ರ ಅದು ತೆರೆಯುವಂತೆ ಮಾಡಿದನು. ಎರಡನೆಯದು, ಪ್ರತಿಗಳನ್ನು ಸಮಮಾಡುವ ಒಂದು ತಂತ್ರಾಂಶ. ಊರಿನ ಯಂತ್ರದಲ್ಲಿ ಏನು ಬದಲಾಯಿತೋ ಅದನ್ನು ಇಂಟರ್ನೆಟ್ಟಿನ ಒಂದು ಉಗ್ರಾಣಕ್ಕೆ ಮುಟ್ಟಿಸುವುದು, ಅಲ್ಲಿಂದ ಮೈಸೂರಿನ ಮಗಳ ಮನೆಯ ಯಂತ್ರಕ್ಕೆ ಮುಟ್ಟಿಸುವುದು, ಅಲ್ಲಿ ಬದಲಾದುದನ್ನು ಹಾಗೆಯೇ ಊರಿಗೆ ಮುಟ್ಟಿಸುವುದು, ಇದು ಅದರ ಕೆಲಸ. ರಾತ್ರಿ ಊಟವಾದ ಮೇಲೆ ಯಂತ್ರದ ಮುಚ್ಚಳವನ್ನು ತೆರೆದು ಕೊಂಚ ಹೊತ್ತು ಬಿಟ್ಟರೆ ಸಾಕು; “ಎರಡೂ ಕಡೆ ಸಮವಾಗಿವೆ” ಎಂಬ ಅರ್ಥದ ಒಂದು ಸಾಲು ತೆರೆಯ ಮೇಲೆ ಮೂಡುತ್ತಿತ್ತು. ಪಂಡಿತರು ಅದನ್ನು ದಿನವೂ ಓದಿ, ದೇವರ ಮುಂದಿನ ದೀಪವನ್ನು ಸಣ್ಣಮಾಡಿದಷ್ಟು ಶಾಂತಿಯಿಂದ ಮಲಗುತ್ತಿದ್ದರು.

ಇಲ್ಲಿ ಆ ತಂತ್ರಾಂಶವು ಸಮವಾಗಿದೆಯೆಂದು ತಿಳಿಯುವ ಬಗೆ ಯಾವುದೆಂಬುದನ್ನು ಸ್ವಲ್ಪ ವಿಚಾರಿಸಬೇಕು. ಎರಡು ಪ್ರತಿಗಳು ಒಂದೇ ಎಂದು ನಿಶ್ಚಯಿಸಲು ಎರಡು ದಾರಿಗಳುಂಟು. ಮೊದಲಿನಿಂದ ಕೊನೆಯವರೆಗೆ ಎರಡನ್ನೂ ಓದಿ ತಾಳೆ ನೋಡುವುದು ಒಂದು. ಹೊರಗಿನ ಗುರುತುಗಳನ್ನು ಮಾತ್ರ ನೋಡಿ ಒಳಗನ್ನು ಊಹಿಸುವುದು ಇನ್ನೊಂದು. ಮೊದಲನೆಯದು ನಂಬಿಕೆಗೆ ಅರ್ಹವಾದುದು. ಆದರೆ ಬಹಳ ಹೊತ್ತು ಹಿಡಿಯುವಂತಹದು. ಎರಡನೆಯದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ೧೯೯೬ರಲ್ಲಿ ಆಸ್ಟ್ರೇಲಿಯದ ಆಂಡ್ರ್ಯೂ ಟ್ರಿಜೆಲ್, ಪಾಲ್ ಮ್ಯಾಕೆರಾಸ್ ಎಂಬಿಬ್ಬರು ರಚಿಸಿ ಲೋಕಕ್ಕೆ ಕೊಟ್ಟ ಆರ್‌ಸಿಂಕ್ ಎಂಬ ಪ್ರಸಿದ್ಧ ತಂತ್ರಾಂಶವು ಇಂದಿಗೂ ಲೋಕದಾದ್ಯಂತ ಬಳಕೆಯಲ್ಲಿದೆ. ಅದೂ ಬೇರೆ ಆಜ್ಞೆ ಇಲ್ಲದಿದ್ದರೆ ಎರಡೇ ಗುರುತುಗಳನ್ನು ನೋಡುವುದು: ಕಡತದ ಗಾತ್ರವೆಷ್ಟು, ಅದು ಕೊನೆಯ ಸಲ ತಿದ್ದಲ್ಪಟ್ಟ ಕಾಲ ಯಾವುದು. ಎರಡೂ ಒಂದೇ ಆಗಿದ್ದರೆ ಆ ಕಡತವನ್ನು ಮುಟ್ಟದೆ ಮುಂದಕ್ಕೆ ಹೋಗುವುದು. ಒಳಗನ್ನು ಓದಿಯೇ ನಿಶ್ಚಯಿಸಬೇಕೆಂದರೆ ಅದಕ್ಕೂ ಅದರಲ್ಲಿ ಒಂದು ಆಜ್ಞೆ ಉಂಟು. ಕೇಳಿದರೆ ಮಾಡುತ್ತದೆ, ಕೇಳದಿದ್ದರೆ ಇಲ್ಲ. ಲಕ್ಷಗಟ್ಟಲೆ ಕಡತಗಳಿರುವ ಕಡೆ ಎಲ್ಲವನ್ನೂ ದಿನದಿನವೂ ಓದುತ್ತ ಕುಳಿತರೆ ಹೊತ್ತು ಸಾಲದು. ಆದುದರಿಂದ ಈ ಸಂಕ್ಷೇಪವು ಅಪರಾಧವಲ್ಲ. ನೂರಕ್ಕೆ ನೂರೆನ್ನುವಷ್ಟು ಸಂದರ್ಭಗಳಲ್ಲಿ ಇದರಿಂದ ಕೆಡುಕೂ ಇಲ್ಲ. ಬರವಣಿಗೆ ಬದಲಾದರೆ ಗಾತ್ರವೋ ಕಾಲವೋ ಬದಲಾಗದೆ ಹೇಗಿದ್ದೀತು?

ಹಾಗೆ ಬದಲಾಗದೆ ಇರುವುದೂ ಉಂಟು. ಎಂ.ಎಸ್.ಡಾಸ್ ಕಾಲದಿಂದ ಬಂದು ಇಂದಿಗೂ ಕಿಸೆಯ ಪೆನ್‌ಡ್ರೈವುಗಳಲ್ಲಿ ಬಳಕೆಯಲ್ಲಿರುವ ಫ್ಯಾಟ್ ಎಂಬ ಕಡತವ್ಯವಸ್ಥೆಯಲ್ಲಿ ತಿದ್ದಿದ ಹೊತ್ತನ್ನು ಬರೆದಿಡಲು ಹದಿನಾರು ಬಿಟ್ಟುಗಳ ಸ್ಥಳ ಮಾತ್ರ. ಗಂಟೆಗೆ ಐದು, ನಿಮಿಷಕ್ಕೆ ಆರು ಕಳೆದರೆ ಸೆಕೆಂಡಿಗೆ ಉಳಿಯುವುದು ಐದು. ಐದು ಬಿಟ್ಟುಗಳಲ್ಲಿ ಮೂವತ್ತೆರಡಕ್ಕಿಂತ ಹೆಚ್ಚು ಎಣಿಸಲಾಗದು. ಆದುದರಿಂದ ಆ ಗಡಿಯಾರವು ಎರಡೆರಡು ಸೆಕೆಂಡಿಗೊಮ್ಮೆ ಹೆಜ್ಜೆ ಇಡುವುದು. ಒಂದು ಹೆಜ್ಜೆಯೊಳಗೆ ಎರಡು ಸಲ ತಿದ್ದಿದರೆ ಎರಡಕ್ಕೂ ಒಂದೇ ಕಾಲ. ಆದರೆ ಇದು ಅಪರೂಪದ ಮಾತು. ಪಂಡಿತರ ಬೀಗದ ಪೆಟ್ಟಿಗೆಯಲ್ಲಿದ್ದುದು ಅಪರೂಪವಲ್ಲ, ನಿತ್ಯದ ಸ್ಥಿತಿ. ಅಂತಹ ಪೆಟ್ಟಿಗೆಯನ್ನು ಮಾಡುವಾಗಲೇ ಅದರ ಗಾತ್ರವನ್ನು ಗೊತ್ತುಮಾಡಿಬಿಡುತ್ತಾರೆ. ಒಳಗೆ ಒಂದು ಶಬ್ದವಿರಲಿ, ನಾಲ್ಕು ಸಾವಿರವಿರಲಿ, ಹೊರಗಿನ ಗಾತ್ರ ಅಷ್ಟೇ. ಇನ್ನು ಕಾಲ. ಪೆಟ್ಟಿಗೆಯನ್ನು ಯಜಮಾನನು ಯಾವಾಗ ತೆರೆದನೆಂಬುದು ಕೂಡ ಕಳ್ಳನಿಗೆ ತಿಳಿಯಬಾರದೆಂಬ ಎಚ್ಚರಿಕೆಯಿಂದ, ಆ ಬೀಗವನ್ನು ರಚಿಸಿದವರು ಪ್ರತಿಸಲ ಮುಚ್ಚುವಾಗಲೂ ಹಳೆಯ ಕಾಲವನ್ನೇ ಮತ್ತೆ ಬರೆದಿಡುವಂತೆ ಏರ್ಪಡಿಸಿದ್ದರು. ಬೀಗವೂ ತನ್ನ ಧರ್ಮವನ್ನು ನಡಸಿತು, ತಂತ್ರಾಂಶವೂ ತನ್ನ ಧರ್ಮವನ್ನು ನಡಸಿತು. ಇಬ್ಬರು ಪ್ರಾಮಾಣಿಕರು ಒಬ್ಬರನ್ನೊಬ್ಬರು ಅರಿಯದೆ ಒಂದೇ ಮನೆಯಲ್ಲಿ ಊಳಿಗ ಮಾಡಿದರೆ ಯಜಮಾನನ ಗಂಟು ಹೇಗೆ ಹೋಗಬಹುದೋ ಹಾಗಾಯಿತು. ಯುಗಾದಿಯ ದಿನ ಮೈಸೂರಿಗೆ ಹೋದ ಪ್ರತಿಯೇ ಮೊದಲನೆಯದು; ಕೊನೆಯದೂ ಅದೇ. ಅಂದಿನಿಂದ “ಸಮವಾಗಿವೆ” ಎಂಬ ಸಾಲು ಐನೂರಕ್ಕೂ ಹೆಚ್ಚು ರಾತ್ರಿಗಳಲ್ಲಿ ಮೂಡಿತು. ಆ ಸಾಲಿನ ನಿಜವಾದ ಅರ್ಥ “ಒಳಗೆ ನೋಡಲಿಲ್ಲ” ಎಂಬುದಾಗಿತ್ತು.

೨೦೨೪ರ ದಸರೆಗೆ ಪಂಡಿತರು ಮೈಸೂರಿಗೆ ಮಗಳ ಮನೆಗೆ ಹೋದರು. ಮನೆಯಲ್ಲಿ ಕರೆಯುವ ಹಸುವಿದ್ದುದರಿಂದ ಅವರ ಹೆಂಡತಿ ಊರಿನಲ್ಲಿಯೇ ಉಳಿದರು. ತಾವಿಲ್ಲದಾಗ ನಕಲು ತಪ್ಪಬಾರದೆಂದು ಪಂಡಿತರು ಅವರಿಗೆ ಯಂತ್ರವನ್ನು ತೆರೆಯುವ ಕ್ರಮವನ್ನೂ, ಯಾವ ಸಾಲು ಮೂಡಿದ ಮೇಲೆ ಮುಚ್ಚಬೇಕೆಂಬುದನ್ನೂ ಒಂದು ಚೀಟಿಯಲ್ಲಿ ಬರೆದು ಕೊಟ್ಟಿದ್ದರು. ಒಂದು ರಾತ್ರಿ ಊಟಕ್ಕೆ ಬಂದಿದ್ದ ನೆಂಟರೊಬ್ಬರು ಕೊಟ್ಟೆಯೆಂದರೇನೆಂದು ಕೇಳಿದರು. ಮಳೆಯ ನೀರು ತಾಗಿ ಅಡಿಕೆಯ ಗೊನೆಗೆ ಕೊಳೆರೋಗ ಹಿಡಿಯದಂತೆ ಹಿಂದಿನವರು ಕರಡದ ಹುಲ್ಲಿನಿಂದ ಮಾಡಿ ಕಟ್ಟುತ್ತಿದ್ದ ಹೊದಿಕೆಯೇ ಕೊಟ್ಟೆ. ಹಿಂದಿನ ವರ್ಷದ ಆಷಾಢದಲ್ಲಿ ಒಬ್ಬ ವೃದ್ಧರು, ನಡುಗುವ ಕೈಗಳಿಂದ ಹುಲ್ಲನ್ನು ಮಡಿಸಿ ತೋರಿಸುತ್ತ, ಅದನ್ನು ಮಾಡುವ ಬಗೆಯನ್ನೂ ಕಟ್ಟುವ ಬಗೆಯನ್ನೂ ಎರಡು ದಿನ ಹೇಳಿದ್ದರು. ಪಂಡಿತರು ಅದನ್ನು ಐದು ಪುಟ ಬರೆದಿದ್ದರು. ಆ ವೃದ್ಧರು ಈ ವರ್ಷದ ಮಳೆಗಾಲವನ್ನು ಕಾಣಲಿಲ್ಲ. “ಬಾಯಲ್ಲಿ ಹೇಳುವುದೇಕೆ, ಅವರ ಮಾತನ್ನೇ ಓದುತ್ತೇನೆ” ಎಂದು ಪಂಡಿತರು ಮೊಮ್ಮಗನ ಯಂತ್ರದಲ್ಲಿದ್ದ ಪ್ರತಿಯನ್ನು ತೆರೆಸಿದರು. ಕೊಟ್ಟಿಗೆ ಇತ್ತು, ಕೊನೆಗೌಡ ಇತ್ತು, ಕೊಟ್ಟೆ ಇರಲಿಲ್ಲ.

ಅಕ್ಷರಕ್ರಮ ತಪ್ಪಿರಬಹುದೆಂದು ಹಿಂದೆ ಮುಂದೆ ಹುಡುಕಿದರು. ಆಷಾಢದ ಒಂದು ಶಬ್ದವೂ ಇಲ್ಲ, ಶ್ರಾವಣದ್ದೂ ಇಲ್ಲ. ಯುಗಾದಿಯಿಂದ ಈಚೆಗೆ ಬರೆದುದು ಒಂದಾದರೂ ಇಲ್ಲ. ನೆಂಟರು ಹೋದ ಮೇಲೆ ಮೊಮ್ಮಗನು ಕಡತದ ಗುರುತುಗಳನ್ನು ತೆಗೆದು ನೋಡಿದನು. ನೋಡುತ್ತ ನೋಡುತ್ತ ಅವನ ಮುಖ ಬಾಡಿತು. ಕಾರಣವನ್ನು ಅವನು ಮೊದಲು ಬಾಯಿಬಿಟ್ಟು ಹೇಳಲಿಲ್ಲ, ಗಡಿಯಾರವನ್ನು ನೋಡಿ, “ಅಜ್ಜ, ಅಜ್ಜಿ ಈಗ ಯಂತ್ರವನ್ನು ತೆರೆದಿರುತ್ತಾರೆಯೆ?” ಎಂದನು. ಗಂಟೆ ಒಂಬತ್ತೂವರೆಯಾಗಿತ್ತು.

ನಡೆದಿದ್ದುದು ಇದು. ಆ ಮಧ್ಯಾಹ್ನವೇ ಅವನು ತನ್ನ ಹಳೆಯ ಡಿಸ್ಕು ತುಂಬಿತೆಂದು ಪೆಟ್ಟಿಗೆಯನ್ನು ಹೊಸ ಡಿಸ್ಕಿಗೆ ನಕಲು ಮಾಡಿ ಮೊದಲಿನ ಹೆಸರಿನಿಂದಲೇ ಅದರ ಸ್ಥಾನದಲ್ಲಿ ಇರಿಸಿದ್ದನು. ಅವನು ಮಾಡಿದ ಬಗೆಯ ನಕಲಿನಲ್ಲಿ ಹೊಸ ಕಡತಕ್ಕೆ ನಕಲಾದ ಕ್ಷಣದ ಕಾಲವೇ ಬೀಳುವುದು. ಒಳಗೆ ಒಂದೂವರೆ ವರ್ಷದ ಹಿಂದಿನ ಬರಹ. ಹೊರಗೆ ಇಂದಿನ ಮೊಹರು. ತಂತ್ರಾಂಶದ ಲೆಕ್ಕದಲ್ಲಿ ಈಗ ಮೈಸೂರಿನ ಪ್ರತಿ ಬದಲಾಗಿದೆ, ಊರಿನ ಪ್ರತಿ ಬದಲಾಗಿಲ್ಲ. ಎರಡೂ ಕಡೆ ಬದಲಾಗಿದೆಯೆಂದು ತಿಳಿದಿದ್ದರೆ ಅದು ನಿಂತು ಯಜಮಾನನನ್ನು ಕೇಳುತ್ತಿತ್ತು. ಒಂದೇ ಕಡೆ ಬದಲಾಗಿರುವಾಗ ಕೇಳುವುದೇನು? ಬದಲಾದುದನ್ನು ಬದಲಾಗದ ಕಡೆಗೆ ಸಾಗಿಸಿ ಹಳೆಯದರ ಮೇಲೆ ಬರೆಯುವುದೇ ಅದರ ವಿಧಿ. ಮೈಸೂರಿನ ಕಡತವು ಮಧ್ಯಾಹ್ನವೇ ಉಗ್ರಾಣವನ್ನು ಸೇರಿತ್ತು. ಊರಿನ ಯಂತ್ರ ಕಣ್ತೆರೆದೊಡನೆ ಅದು ಅಲ್ಲಿಗೆ ಇಳಿದು, ಹದಿನೆಂಟು ತಿಂಗಳ ಬರಹವನ್ನು ಒಂದೆರಡು ನಿಮಿಷಗಳಲ್ಲಿ ಒರಸಿ, “ಎರಡೂ ಕಡೆ ಸಮವಾಗಿವೆ” ಎಂದು ಹೇಳಲಿತ್ತು. ಆಗ ಆ ಮಾತು ಮೊದಲ ಬಾರಿಗೆ ನಿಜವೂ ಆಗುತ್ತಿತ್ತು. ಉಗ್ರಾಣದಿಂದ ಅದನ್ನು ಅಳಿಸಿಬಿಡೋಣವೆಂದರೆ, ಅಳಿಸಿದುದೂ ಒಂದು ಬದಲಾವಣೆಯೇ ಆಗಿ ಊರಿನ ಕಡತವನ್ನೂ ಅಳಿಸೀತೆಂಬ ಭಯ. ಉಳಿದ ಉಪಾಯವೊಂದೇ: ಊರಿನ ಯಂತ್ರ ತೆರೆಯದಂತೆ ಮಾಡುವುದು.

ಪಂಡಿತರು ಫೋನು ಮಾಡಿದರು. ಮೊದಲನೆಯ ಸಲ ಗಂಟೆಯೇ ಬಾರಿಸಲಿಲ್ಲ. ಎರಡನೆಯ ಸಲ ಬಾರಿಸಿ ನಿಂತುಹೋಯಿತು. ಶಾಲೆಯಲ್ಲಿ ಎಂತಹ ಗದ್ದಲದಲ್ಲಿಯೂ ಧ್ವನಿಯೇರಿಸದಿದ್ದ ಆ ಮನುಷ್ಯರು, ಮಗಳು ತಂದಿಟ್ಟ ನೀರನ್ನು ಚೆಲ್ಲಿಕೊಂಡು, “ಎತ್ತಬಾರದೆ, ಎತ್ತಬಾರದೆ” ಎಂದು ಗೊಣಗುತ್ತ ನಡುಮನೆಯಲ್ಲಿ ತಿರುಗಿದರು. ಐದನೆಯ ಸಲಕ್ಕೆ ಆ ಕಡೆಯಿಂದ ಧ್ವನಿ ಬಂದಿತು.

“ಯಂತ್ರವನ್ನು ತೆರೆದೆಯಾ?”

“ತೆರೆದು ಅರ್ಧ ಗಂಟೆಯಾಯಿತು. ನಿಮ್ಮ ಸಾಲು ಇನ್ನೂ ಬಂದಿಲ್ಲ. ಸಂಜೆಯಿಂದ ಇಲ್ಲಿ ಮಳೆ, ಕರೆಂಟೂ ಇಲ್ಲ. ಆ ಗೋಡೆಯ ಮೇಲಿನ ಡಬ್ಬಿಯ ದೀಪವೂ ಆರಿದೆ. ಕರೆಂಟು ಬಂದಮೇಲೆ ಬಂದೀತೆಂದು ಕಾದಿದ್ದೇನೆ.”

“ಮುಚ್ಚಿಬಿಡು.”

“ಮುಚ್ಚಿದರೆ ನಿಮ್ಮ ನಕಲು ತಪ್ಪುವುದಿಲ್ಲವೆ?”

“ತಪ್ಪಲಿ. ಮುಚ್ಚಿ, ಆ ಡಬ್ಬಿಯ ತಂತಿಯನ್ನು ಕಿತ್ತುಬಿಡು. ನಾನು ಬರುವವರೆಗೆ ಯಾರೂ ಮುಟ್ಟುವುದು ಬೇಡ.”

“ಆಗಲಿ. ಊಟವಾಯಿತೆ ನಿಮ್ಮದು?” ಎಂದು ಆಕೆ ಕೇಳಿದರು. ಆದುದೋ ಇಲ್ಲವೋ ಪಂಡಿತರಿಗೆ ನೆನಪಾಗಲಿಲ್ಲ.

ಮಲೆನಾಡಿನಲ್ಲಿ ಮಳೆಗೆ ಕರೆಂಟು ಹೋಗುವುದನ್ನು ಬಯ್ಯದವರಿಲ್ಲ. ಪಂಡಿತರೂ ಮೂವತ್ತು ವರ್ಷ ಬಯ್ದವರೇ. ಅಂದಿನಿಂದ ಅವರು ಆ ವಿಷಯದಲ್ಲಿ ಮೌನವನ್ನು ತಾಳಿದ್ದಾರೆ.

ಮರುದಿನವೇ ಅಜ್ಜನೂ ಮೊಮ್ಮಗನೂ ಊರಿಗೆ ಹೊರಟರು. ತಂತಿ ಕಿತ್ತ ಯಂತ್ರವನ್ನು ತೆರೆದು ನೋಡಲಾಗಿ ಕೊಟ್ಟೆ ತನ್ನ ಸ್ಥಾನದಲ್ಲಿಯೇ ಇತ್ತು. ಐದು ಪುಟಗಳೂ ಇದ್ದುವು. ಪಂಡಿತರು ಅವನ್ನು ಗಟ್ಟಿಯಾಗಿ ಒಮ್ಮೆ ಓದಿದರು. ಅನಂತರ ಮೊಮ್ಮಗನು ಪೆಟ್ಟಿಗೆಯನ್ನು ಮೊದಲು ಬೇರೊಂದು ಡಿಸ್ಕಿಗೆ ನಕಲು ಮಾಡಿ ಬೀರುವಿನಲ್ಲಿ ಇರಿಸಿದನು. ಆಮೇಲೆ ಪೆಟ್ಟಿಗೆಗೆ ಹೊಸ ಹೆಸರನ್ನು ಕೊಟ್ಟು, ಅದು ಹಳೆಯದರ ಗೊಡವೆಗೆ ಹೋಗದೆ ಹೊಸ ಕಡತವಾಗಿಯೇ ಸಾಗುವಂತೆ ಮಾಡಿದನು. ಕಾಲವನ್ನು ಮರೆಮಾಚುವ ಬೀಗದ ವ್ರತವನ್ನು ಬಿಡಿಸಿದನು. ತೆರೆದು ಮುಚ್ಚಿದರೆ ಇನ್ನು ಮುಂದೆ ಕಾಲ ಬದಲಾಗುವುದು. ಮೇಲೆ ಬರೆಯುವ ಮುನ್ನ ಹಳೆಯ ಪ್ರತಿಯನ್ನು ಮೂರು ತಿಂಗಳವರೆಗೆ ಪಕ್ಕದಲ್ಲಿ ತೆಗೆದಿರಿಸಬೇಕೆಂದು ತಂತ್ರಾಂಶಕ್ಕೆ ಅಪ್ಪಣೆಯಾಯಿತು. ಇಷ್ಟಾದರೂ ಪಂಡಿತರ ಮನಸ್ಸು ನಿಲ್ಲಲಿಲ್ಲ. “ಸಮವಾಗಿವೆಯೆಂದು ಅದು ಹೇಳಿದರೆ ಸಾಲದು; ನನಗೆ ತಿಳಿಯುವುದು ಹೇಗೆ?” ಎಂದು ಕೇಳಿದರು.

ಅದಕ್ಕೂ ಒಂದು ಉಪಾಯವಿತ್ತು. ಕಡತವನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಅದರ ಪ್ರತಿಯೊಂದು ಬಿಟ್ಟನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಅರುವತ್ತನಾಲ್ಕು ಅಕ್ಷರಗಳ ಒಂದು ಮುದ್ರೆಯನ್ನು ಒತ್ತುವ ಗಣಿತವುಂಟು. ಒಳಗೆ ಒಂದು ಕೊಂಬು ದೀರ್ಘವಾದರೂ ಸಾಕು, ಮುದ್ರೆ ಪೂರ್ತಿ ಬೇರೆಯಾಗುವುದು. ಗಾತ್ರವನ್ನಾಗಲಿ ಗಡಿಯಾರವನ್ನಾಗಲಿ ಅದು ಕೇಳುವುದಿಲ್ಲ. ಎರಡೂ ಊರುಗಳಲ್ಲಿ ಈ ಮುದ್ರೆಯನ್ನು ತೆಗೆಸಿ ಹೋಲಿಸಿದರೆ ಆಯಿತು. ಹುಡುಗನು ಮೈಸೂರಿಗೆ ಮರಳಿದ ಮೇಲೆ ಹಾಗೆಯೇ ಮಾಡಿದರು. ಅವನು ಫೋನಿನಲ್ಲಿ ಒಂದೊಂದೇ ಅಕ್ಷರವನ್ನು ಓದುವುದು, ಪಂಡಿತರು ತಮ್ಮ ಕಾಗದದಲ್ಲಿ ಬೆರಳಿಟ್ಟು ಸಾಗುವುದು. ತರುಣದಲ್ಲಿ ಪಂಡಿತರು ಒಂದು ಅಚ್ಚುಕೂಟದಲ್ಲಿ ಕೆಲವು ಕಾಲ ಕರಡು ತಿದ್ದಿದವರು. ಅಲ್ಲಿ ಒಬ್ಬನು ಮೂಲವನ್ನು ಓದುತ್ತಿದ್ದನು, ಇನ್ನೊಬ್ಬನು ಕರಡಿನಲ್ಲಿ ಕಣ್ಣಿಡುತ್ತಿದ್ದನು. ಅದಕ್ಕೂ ಹಿಂದೆ ಓಲೆಗರಿಯ ಕಾಲದಲ್ಲಿ ನಕಲು ಮಾಡಿದವರು ಗ್ರಂಥದ ಕೊನೆಯಲ್ಲಿ, ತಪ್ಪಿದ್ದರೆ ತಿದ್ದಿಕೊಂಡು ಓದಬೇಕೆಂದು ಓದುಗರನ್ನು ಬೇಡಿಕೊಳ್ಳುತ್ತಿದ್ದರು. ನಕಲು ಮಾಡುವವನು ತನ್ನನ್ನು ತಾನು ನಂಬದೆ ಇದ್ದುದೇ ಆ ಗ್ರಂಥಗಳ ರಕ್ಷೆ. ಯಂತ್ರಕ್ಕೆ ಈ ಸಂಕೋಚವಿಲ್ಲ. ಅದು ಕಾಣದೆ ಇದ್ದುದನ್ನೂ ಕಂಡುದರಷ್ಟೇ ಧೈರ್ಯದಿಂದ ಸಮವೆನ್ನುತ್ತದೆ. ಆ ಸಂಕೋಚವನ್ನು ಅದರ ಪರವಾಗಿ ಇಟ್ಟುಕೊಳ್ಳಬೇಕಾದವನು ಯಜಮಾನನು.

ಎರಡು ಪ್ರತಿಗಳಿದ್ದರೆ ನಿರ್ಭಯವೆಂದು ಲೋಕವೆಲ್ಲ ಹೇಳುತ್ತದೆ. ಒಂದೂವರೆ ವರ್ಷ ಪಂಡಿತರೂ ಹಾಗೆಯೇ ನಂಬಿದ್ದರು. ವಾಸ್ತವವಾಗಿ ಅವರಲ್ಲಿ ಇದ್ದುದು ಒಂದು ಪ್ರತಿ ಮತ್ತು ಒಂದು ನಂಬಿಕೆ. ನಕಲೇ ಇಲ್ಲವೆಂದು ತಿಳಿದವನು ಹೆದರುತ್ತ ಹೆದರುತ್ತಲಾದರೂ ಎಚ್ಚರವಾಗಿರುತ್ತಾನೆ; ಇದೆಯೆಂದು ನಂಬಿದವನು ಸಿಡಿಲಿನ ರಾತ್ರಿಯಲ್ಲಿಯೂ ನಿದ್ರೆ ಮಾಡುತ್ತಾನೆ. ಪ್ರತಿಯೆಂಬುದು ಎಲ್ಲಿಯೋ ಇಟ್ಟಿರುವ ವಸ್ತುವಲ್ಲ. ತೆರೆದು ಓದಿದಾಗ ಮಾತ್ರ ಅದು ಪ್ರತಿಯಾಗುತ್ತದೆ.

ಈಗ ಪ್ರತಿ ತಿಂಗಳ ಮೊದಲನೆಯ ಭಾನುವಾರ ಸಂಜೆ ಮೈಸೂರಿನ ಮನೆಯಲ್ಲಿ ಫೋನು ಬಾರಿಸುತ್ತದೆ. ಮುದ್ರೆಯ ಅರುವತ್ತನಾಲ್ಕು ಅಕ್ಷರಗಳು ಮುಗಿದ ಮೇಲೆ ಪಂಡಿತರು ತಮ್ಮ ಪಟ್ಟಿಯಿಂದ ಮನಸ್ಸಿಗೆ ತೋರಿದ ಮೂರು ನಾಲ್ಕು ಶಬ್ದಗಳನ್ನು ಕೇಳುತ್ತಾರೆ. ಆ ಕಡೆ ಹುಡುಗನು ಪೆಟ್ಟಿಗೆಯನ್ನು ತೆರೆದು, ಒಂದೊಂದರ ಕೆಳಗಿನ ಬರಹವನ್ನೂ ಓದುತ್ತಾನೆ. ಬೇರೆ ಶಬ್ದಗಳು ತಿಂಗಳು ತಿಂಗಳಿಗೆ ಬದಲಾಗುತ್ತವೆ. ಕೊನೆಯದು ಮಾತ್ರ ಯಾವಾಗಲೂ ಒಂದೇ.

“ಕೊಟ್ಟೆ ಇದೆಯೇನೋ?”

“ಇದೆ ಅಜ್ಜ. ಓದಲೆ?”

“ಓದು” ಎಂದು ಪಂಡಿತರು ಹೇಳುತ್ತಾರೆ. ಐದು ಪುಟಗಳು ಮುಗಿಯುವವರೆಗೆ, ಹುಲ್ಲು ಹೆಚ್ಚು ಒಣಗಿರಬಾರದೆಂದೂ ಮೊದಲನೆಯ ಮಡಿಕೆ ಹೀಗೆಯೇ ಬೀಳಬೇಕೆಂದೂ ಆ ವೃದ್ಧರು ಹೇಳಿದ್ದನ್ನು ಹುಡುಗನು ಓದುತ್ತಾನೆ. ಅಜ್ಜನು ಫೋನನ್ನು ಇಡುವುದಿಲ್ಲ.